ಹಳೆ ಕಾಲದ ರಿವಾಲ್ವರ್ ಸಂಗ್ರಹಿಸಿ ಗುರಿ ಹೊಡೆಯುವ ಹವ್ಯಾಸ ಕಾಸರಗೋಡಿನಲ್ಲಿ ಸಾಧ್ಯವಾ?

ನೀವು ಕುಂಬಳೆಯವರು, ಹಳೆ ರಿವಾಲ್ವರ್‌ಗಳ ಹುಚ್ಚಿದೆ, ನಾಲ್ಕೈದು ಕೂಡಿಸಿ ಇಟ್ಟುಕೊಂಡು ಆಗಾಗ ಹೊಡೆಯುವ ಆಸೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಪೆರ್ಲದ ಹತ್ತಿರದ ಅಡಿಕೆ ಕೃಷಿಕ. ನನ್ನ ಹತ್ತಿರ ಇರುವುದು ಒಂದೇ ಒಂದು. ಅಜ್ಜನಿಂದ ಬಂದ ವೆಬ್ಲಿ ಎಂಬ ಇಂಗ್ಲಿಷ್ ಕಂಪೆನಿಯ ರಿವಾಲ್ವರ್, ಪಾಯಿಂಟ್ 32 ಬೋರಿನದ್ದು, ಅಂದರೆ ನಳಿಗೆಯ ಒಳಗಿನ ಅಗಲ ಸುಮಾರು 0.32 ಇಂಚು.

ಆ ನಾಲ್ಕೈದನ್ನು ಮೊದಲು ಮರೆತುಬಿಡಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಅದಕ್ಕೆ ಮೊದಲು ಮೂರಿತ್ತು. ಹೆಸರು ಮಾಡಿದ ಶೂಟರ್‌ಗಳಿಗೆ ಜಾಸ್ತಿ ಅವಕಾಶ ಉಂಟು, ನಮಗಲ್ಲ. ತೋಟಕ್ಕೆ ಹಂದಿ ಬರುತ್ತದೆ ಅಂತ ನಮ್ಮಲ್ಲಿ ಹೇಗೂ ಒಂದು ಜೋಡುನಳಿಗೆ ಇರುತ್ತದೆ. ಉಳಿಯುವುದು ಒಂದು ಜಾಗ. ಅದರಲ್ಲಿ ಎಂಥ ಸಂಗ್ರಹ? 2020ರಲ್ಲಿ ಬಂದ ನಿಯಮದ ಪ್ರಕಾರ ಕೆಲವು ಬಗೆಯ ಪುರಾತನ ಆಯುಧಗಳನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಹೊಡೆಯಲಿಕ್ಕೆ, ಹೊರಗೆ ಒಯ್ಯಲಿಕ್ಕೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸಿನಲ್ಲಿ ಸೇರಿಸದಿದ್ದರೆ ತೋಟೆಯೂ ಸಿಗುವುದಿಲ್ಲ. ಪಾಣತ್ತೂರು ದಾಟಿ ಕೊಡಗಿಗೆ ಹೋದರೆ ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಆದರೆ ಅದು ಘಟ್ಟ ಇಳಿದು ನಮ್ಮವರೆಗೆ ಬರುವುದಿಲ್ಲ.

ಸಿನಿಮಾದ ಬ್ರಿಟಿಷ್ ಸಾಹೇಬರ ಸೊಂಟದಲ್ಲಿ ಕಾಣುವ ದೊಡ್ಡ ವೆಬ್ಲಿ, 1915ರ ಮಾರ್ಕ್ 6, ಪಾಯಿಂಟ್ 455. ಅದು ನಿಷೇಧಿತ ಬೋರ್, ಅಂದರೆ ನಮ್ಮಂಥವರಿಗೆ ಆ ಅಳತೆಯದ್ದು ಇಲ್ಲ. ನಮ್ಮ ಕೈಗೆ ಸಿಗುವುದು ಪಾಯಿಂಟ್ 32. ಬೇಸರ ಮಾಡಬೇಡಿ, ತೋಟೆ ಸಿಗುವುದೂ ಇದಕ್ಕೇ. ಪುಣೆ ಹತ್ತಿರದ ಖಡ್ಕಿಯ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಕಾನ್ಪುರದಲ್ಲಿ ಸರಕಾರ ಮಾಡುವ ಪಾಯಿಂಟ್ 32 ರಿವಾಲ್ವರಿಗೂ ಮಾದರಿ ವೆಬ್ಲಿಯೇ. ಆದರೆ 1980ರ ದಶಕದಲ್ಲಿ ಆಮದು ನಿಂತದ್ದರಿಂದ ಹಳೆ ವಿಲಾಯಿತಿ ಮಾಲಿಗೆ ದರ ವಿಪರೀತ. ನನ್ನ ಮಟ್ಟಿಗೆ ಆ ದರ ಬರೀ ವಿಲಾಯಿತಿ ಎಂಬ ಹೆಸರಿಗೆ ಕೊಡುವುದು.

ಇನ್ನು ಆ ವಸ್ತುವಿನ ಬಗ್ಗೆ. ಮೇಲಿನ ಚಿಲಕ ಒತ್ತಿ ನಳಿಗೆಯನ್ನು ಕೆಳಗೆ ಬಗ್ಗಿಸಿದರೆ ಇಡೀ ರಿವಾಲ್ವರ್ ನಡುವಿಗೆ ಮಡಚಿಕೊಳ್ಳುತ್ತದೆ. ಸಿಲಿಂಡರಿನ ಮಧ್ಯದಿಂದ ನಕ್ಷತ್ರದಂಥ ಒಂದು ಬಿಲ್ಲೆ ಮೇಲೆದ್ದು ಆರೂ ಖಾಲಿ ತೋಟೆಗಳನ್ನು ಒಟ್ಟಿಗೆ ಎತ್ತಿ ಕೆಳಗೆ ಉದುರಿಸುತ್ತದೆ. ನೂರು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಹಳೆಯದನ್ನು ತೆಗೆದುಕೊಳ್ಳುವಾಗ ಖಾಲಿ ಇದೆಯೆಂದು ಎರಡು ಸಲ ನೋಡಿ, ಹ್ಯಾಮರ್ ಹಿಂದಕ್ಕೆಳೆದು (ಅಜ್ಜ ಅದನ್ನು ಕುದುರೆ ಅನ್ನುತ್ತಿದ್ದರು) ಸಿಲಿಂಡರ್ ಅಲ್ಲಾಡಿಸಿ. ಗಡಗಡ ಅಂದರೆ ಬಿಟ್ಟುಬಿಡಿ. ತೋಟೆಯ ಗೂಡು ನಳಿಗೆಗೆ ಸರಿಯಾಗಿ ಎದುರು ನಿಲ್ಲದಿದ್ದರೆ ಸೀಸ ಕೆತ್ತಿ ಬದಿಗೆ ಹಾರುತ್ತದೆ. ಸರಿ ಇದ್ದರೂ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಗಾಳಿ ಚಿಮ್ಮುತ್ತದೆ. ಇನ್ನೊಂದು ಕೈ ಅಲ್ಲಿಗೆ ಹೋಗಲೇಬಾರದು.

ನಾನು ಮಾಡಿದ ದಡ್ಡತನ ಕೇಳಿ. ಅಜ್ಜನ ಚರ್ಮದ ಚೀಲ ಚಂದ ಕಾಣುತ್ತದೆ ಅಂತ ಮಳೆ ಜೋರಿರುವ ಆಟಿ ತಿಂಗಳಿಡೀ ರಿವಾಲ್ವರನ್ನು ಅದರೊಳಗೇ ಇಟ್ಟೆ, ಕಪಾಟಿನಲ್ಲಿ. ಮೇಲಿಂದ ತೆಂಗಿನೆಣ್ಣೆ ಬೇರೆ ಸವರಿದ್ದೆ! ಮುಂದಿನ ತಿಂಗಳು ಸೋಣದಲ್ಲಿ ತೆಗೆದು ನೋಡಿದರೆ ಚೀಲಕ್ಕೆ ಬೂಸ್ಟು, ನಳಿಗೆಯ ಎಡಬದಿಗೆ ಸಾಸಿವೆ ಚೆಲ್ಲಿದ ಹಾಗೆ ತುಕ್ಕು, ಎಣ್ಣೆ ಅಂಟಾಗಿ ಕುದುರೆಯೇ ಬಿಗಿ. ಚರ್ಮ ನೀರು ಹೀರಿ ಇಟ್ಟುಕೊಳ್ಳುತ್ತದೆ. ತುಕ್ಕು ಒರೆಸಿದೆ, ಕಲೆ ಹೋಗಲಿಲ್ಲ. ಈಗ ಕೋವಿ ಎಣ್ಣೆ ತೆಳ್ಳಗೆ ಹಚ್ಚಿ ಒಣ ಬಟ್ಟೆಯಲ್ಲಿ ಸುತ್ತಿಡುತ್ತೇನೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡುತ್ತೇನೆ. ಚೀಲ ಮೊಳೆಯಲ್ಲಿ ನೇತಾಡುತ್ತಿದೆ.

ಹೊಡೆಯುವುದು ರೇಂಜಿನಲ್ಲಿ ಮಾತ್ರ. ತೋಟದ ಮೂಲೆಯಲ್ಲಿ ಡಬ್ಬ ಇಟ್ಟು ಸುಮ್ನೆ ಎರಡು ಈಡು ಹೊಡೆಯುವ ಯೋಚನೆಯೂ ಬೇಡ, ಲೈಸೆನ್ಸೇ ಹೋದೀತು. 25 ಮೀಟರ್ ದೂರದ ಗುರಿಕಾಗದದಲ್ಲಿ ಹತ್ತು ಅಂಕದ ನಡುವಿನ ವೃತ್ತದ ಅಗಲ 5 ಸೆಂಟಿಮೀಟರ್, ಒಂದು ಗೋಟಡಿಕೆಗಿಂತ ಸ್ವಲ್ಪ ದೊಡ್ಡದು. ಮೊದಲ ದಿನ ಆರರಲ್ಲಿ ಎರಡು ಕಾಗದಕ್ಕೆ ತಾಗಿದವು, ಅವೂ ಅಂಚಿಗೆ. ಈ ಬೋರಿನಲ್ಲೇ ಆಡುವ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 600ಕ್ಕೆ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದರು. ಅದೆಂಥ ಕೈ ಅಂತ ನನಗೆ ಅವತ್ತು ಗೊತ್ತಾಯಿತು.

ಹಾಗಾಗಿ ನೀವು ಶುರು ಮಾಡಬೇಕಾದ್ದು ರೈಫಲ್ ಕ್ಲಬ್ಬಿನ 10 ಮೀಟರ್ ಏರ್ ಪಿಸ್ತೂಲಿನಿಂದ. ಒಂದು ವರ್ಷ ಅದನ್ನೇ ಹಿಡಿಯಿರಿ. ಕೈಯೂ ಪಳಗುತ್ತದೆ, ಲೈಸೆನ್ಸಿನ ಅರ್ಜಿಯಲ್ಲಿ ಹೇಳಿಕೊಳ್ಳಲು ಒಂದು ಕಾರಣವೂ ಆಗುತ್ತದೆ. ಅರ್ಜಿ ಹಾಕುವಾಗ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಅಂತ ಸರಿಯಾಗಿ ಕೇಳಿ. ನನ್ನದು ಕೇರಳಕ್ಕೆ ಮಾತ್ರ. ಆಸ್ಪತ್ರೆಗೆ, ಮದುವೆಗೆ, ಯಕ್ಷಗಾನಕ್ಕೆ ಸಾರಡ್ಕ ದಾಟಿ ಕರ್ನಾಟಕಕ್ಕೆ ದಿನಾ ಹೋಗುತ್ತೇವೆ. ರಿವಾಲ್ವರಿಗೆ ಮಾತ್ರ ಅಲ್ಲಿ ನಿಜವಾಗಿ ಒಂದು ಗಡಿ ಇದೆ.

ಇನ್ನೊಂದು. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಇಡಬೇಕಾಗುತ್ತದೆ. ಒಯ್ಯುವ ಮುಂಚೆ ಎಣ್ಣೆ ಹಚ್ಚಿ, ನಂಬರ್ ಕಾಣುವ ಹಾಗೆ ನಾಲ್ಕು ಬದಿಯಿಂದ ಫೋಟೋ ತೆಗೆಯಿರಿ, ರಶೀದಿ ಕೇಳಿ ಪಡೆಯಿರಿ. ಚರ್ಮದ ಚೀಲ ಮನೆಯಲ್ಲೇ ಇರಲಿ.