ಓದುಗರ ಪ್ರಶ್ನೆಗೆ ಉತ್ತರ: ಮಕ್ಕಳ ಕೈಗೆ ಬಾವುಟ ಕೊಟ್ಟ ಮೇಲೆ

ಪುಟ್ಟ ಮಕ್ಕಳಿಗೆ ರಾಷ್ಟ್ರೀಯ ಚಿಹ್ನೆಗಳನ್ನೂ ಊರಿನ ಕೆಲಸವನ್ನೂ ಕಲಿಸುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಯುಕೆಜಿ ಮಕ್ಕಳು ಹುಲಿ, ನವಿಲು, ಕಮಲ, ಆಲ ಎಂದು ಚಾರ್ಟ್ ಪೂರ್ತಿ ಬಾಯಿಪಾಠ ಒಪ್ಪಿಸುತ್ತಾರೆ. ಬಾವುಟ ಬರೆಯಲು ಹೇಳಿದರೆ ಮಾತ್ರ ಹಸಿರು ಮೇಲೆ ಬರುತ್ತದೆ, ಚಕ್ರಕ್ಕೆ ಎಂಟೇ ಗೆರೆ. ಏನು ಮಾಡಲಿ? (ಶಿಕ್ಷಕಿ, ಹಾಸನ)

ಉತ್ತರ: ಚಾರ್ಟನ್ನು ಸದ್ಯಕ್ಕೆ ಎತ್ತಿಡಿ. ಐದು ವರ್ಷದ ಮಗುವಿಗೆ ಇಡೀ ವರ್ಷಕ್ಕೆ ಮೂರು ಚಿಹ್ನೆ ಸಾಕು: ಬಾವುಟ, ರಾಷ್ಟ್ರಗೀತೆ, ಜೊತೆಗೆ ಊರಲ್ಲೇ ಕಣ್ಣಿಗೆ ಬೀಳುವ ಒಂದು ಮರವೋ ಹಕ್ಕಿಯೋ. ಆಲದ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಬಿಳಲು ಮುಟ್ಟಿಸಿ. ಕರೆಂಟ್ ತಂತಿಯ ಮೇಲೆ ನೀಲಕಂಠ ಕೂತಿದ್ದರೆ ಅದು ನಮ್ಮ ರಾಜ್ಯದ ಪಕ್ಷಿ ಎಂದು ತೋರಿಸಿ. ನೋಡಿದ್ದರ ಹೆಸರು ಮಗುವಿಗೆ ಮರೆಯುವುದಿಲ್ಲ.

ಬಾವುಟದ ಅಳತೆಯನ್ನು ಹೀಗೆ ಸುಲಭ ಮಾಡಿಕೊಳ್ಳಿ. ನಿಗದಿಯಾದ ಗಾತ್ರಗಳಲ್ಲಿ 1800 × 1200 ಮಿ.ಮೀ. ಒಂದು, ಅದರ ಚಕ್ರದ ವ್ಯಾಸ 370 ಮಿ.ಮೀ. ಅದನ್ನೇ ಹತ್ತರಲ್ಲಿ ಒಂದಕ್ಕೆ ಇಳಿಸಿದರೆ 18 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರ, ಒಂದೊಂದು ಪಟ್ಟಿ 4 ಸೆಂ.ಮೀ., ಚಕ್ರ 3.7 ಸೆಂ.ಮೀ. ಚಕ್ರ ಬಿಳಿ ಪಟ್ಟಿಯೊಳಗೇ ನಿಲ್ಲುತ್ತದೆ, ಅಂಚಿಗೆ ತಾಗುವುದಿಲ್ಲ. ಚೌಕಟ್ಟು ಮತ್ತು ಗೆರೆ ನೀವು ಹಾಕಿಕೊಡಿ, ಬಣ್ಣ ಮಾತ್ರ ಮಗುವಿನದು. ಕೇಸರಿ ಆಕಾಶದ ಕಡೆ, ಹಸಿರು ಹುಲ್ಲಿನ ಕಡೆ ಎಂದರೆ ಮತ್ತೆ ಅದಲುಬದಲಾಗದು.

ಚಕ್ರದ 24 ಅರಗಳಿಗೆ ಕಾಗದ ಮಡಿಸುವುದೇ ಒಳ್ಳೆಯ ದಾರಿ. ಊಟದ ತಟ್ಟೆಯಷ್ಟು ಅಗಲದ ವೃತ್ತವನ್ನು ಹಳೆಯ ದಿನಪತ್ರಿಕೆಯಲ್ಲಿ ಕತ್ತರಿಸಿ. ಮೊದಲು ಅರ್ಧ ಮಡಿಸಿ. ಆ ಅರ್ಧವನ್ನು ಮೂರು ಸಮಪಾಲಾಗಿ ಮಡಿಸಿ, ಬಂದದ್ದನ್ನು ಮತ್ತೆ ಅರ್ಧ, ಇನ್ನೊಮ್ಮೆ ಅರ್ಧ ಮಾಡಿ. ಬಿಡಿಸಿದರೆ ನಡುವಿನಿಂದ ಹೊರಟ 24 ಮಡಿಕೆಗೆರೆಗಳು ಸಿಗುತ್ತವೆ. ಮಕ್ಕಳು ಅವುಗಳ ಮೇಲೆ ಕಡುನೀಲಿ ಬಳಪ ಎಳೆದು ಎಣಿಸಲಿ. ಕೆಡುವುದು ಸಾಮಾನ್ಯವಾಗಿ ಎರಡನೇ ಮಡಿಕೆಯಲ್ಲಿ. ಮೂರು ಪಾಲು ಸಮನಾಗಿಲ್ಲದಿದ್ದರೆ ಅರಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಅಗಲವಾಗುತ್ತವೆ. ಹಾಗಾಗಿ ಆ ಮಡಿಕೆ ನಿಮ್ಮ ಕೈಯದೇ ಆಗಿರಲಿ. ಡ್ರಾಯಿಂಗ್ ಹಾಳೆ ದಪ್ಪ, ಕೊನೆಯ ಮಡಿಕೆಗೆ ಬಗ್ಗುವುದಿಲ್ಲ.

ಪ್ರಶ್ನೆ: ಪ್ರತಿ ವರ್ಷ ಧ್ವಜಾರೋಹಣ ಮುಗಿದ ಅರ್ಧ ಗಂಟೆಯಲ್ಲಿ ಅಂಗಳದ ತುಂಬ ಕಾಗದದ ಬಾವುಟಗಳು ಬಿದ್ದಿರುತ್ತವೆ. ಗದರಿದರೂ ಪ್ರಯೋಜನವಿಲ್ಲ. ಬಟ್ಟೆಯ ಬಾವುಟವನ್ನು ಮಕ್ಕಳ ಕೈಗೆ ಕೊಡಬಹುದೇ? (ಮುಖ್ಯ ಶಿಕ್ಷಕರು, ಹಾವೇರಿ ಜಿಲ್ಲೆ)

ಉತ್ತರ: ಬಾವುಟ ಬೀಳುವ ಹೊತ್ತನ್ನು ಒಮ್ಮೆ ಗಮನಿಸಿ. ಭಾಷಣದ ನಡುವೆ ಬೀಳುವುದಿಲ್ಲ. ಸಿಹಿ ಹಂಚುವಾಗ ಬೀಳುತ್ತದೆ. ಒಂದು ಕೈಯಲ್ಲಿ ಲಾಡು, ಇನ್ನೊಂದರಲ್ಲಿ ಚಾಕೊಲೇಟು. ಬಾವುಟ ಹಿಡಿಯಲು ಮೂರನೇ ಕೈ ಎಲ್ಲಿದೆ? ಸಿಹಿಯ ಸಾಲು ಶುರುವಾಗುವ ಜಾಗದಲ್ಲೇ ಒಂದು ಮೇಜು, ಅದರ ಮೇಲೆ ಅಗಲವಾದ ತಟ್ಟೆ ಇಡಿ. ಬಾವುಟವನ್ನು ತಟ್ಟೆಯಲ್ಲಿಟ್ಟು ಮುಂದೆ ಹೋದವರಿಗೆ ಸಿಹಿ. ನಾಲ್ಕನೇ ತರಗತಿಯ ಇಬ್ಬರು ಅಲ್ಲಿ ನಿಂತು ಎಣಿಸಿಕೊಳ್ಳಲಿ. ಕೊಟ್ಟದ್ದು 120, ಬಂದದ್ದು 113 ಎಂದಾದರೆ ಉಳಿದ ಏಳನ್ನು ಹುಡುಕುವುದು ಆ ದಿನದ ಮೊದಲ ಸೇವೆ. ಗುರುತಿಗೆ ಹೆಸರು ಬೇಕೆಂದರೆ ಕಡ್ಡಿಯ ಮೇಲೆ ಬರೆಸಿ. ಬಾವುಟದ ಮೇಲೆ ಏನನ್ನೂ ಬರೆಯುವಂತಿಲ್ಲ. ಚೆನ್ನಾಗಿರುವವನ್ನು ಮುಂದಿನ ಜನವರಿ 26ಕ್ಕೆ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಹರಿದವನ್ನು ಕಸದ ಗಾಡಿಗೆ ಹಾಕದೆ, ಗೌರವಕ್ಕೆ ಕುಂದು ಬಾರದಂತೆ ಖಾಸಗಿಯಾಗಿ ವಿಲೇವಾರಿ ಮಾಡಬೇಕೆಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಪ್ಲಾಸ್ಟಿಕ್ ಬಾವುಟದ ಮಾತೇ ಬೇಡ, 2022ರ ಜುಲೈ 1ರಿಂದ ಅದು ನಿಷೇಧಿತ. ಅಂಗಳದ ನೆಲದಲ್ಲಿ ರಂಗೋಲಿಯ ಬಾವುಟವನ್ನೂ ಬಿಡಿಸಬೇಡಿ. ಓಡಾಡುವ ಮಕ್ಕಳು ತುಳಿಯದೆ ಇರಲಾರರು.

ಬಟ್ಟೆಯ ಬಾವುಟವನ್ನು ಖಂಡಿತ ಕೊಡಿ. ಹಾರಿಸುವುದಕ್ಕಿಂತ ಮಡಿಸುವುದರಲ್ಲೇ ಮಕ್ಕಳು ಹೆಚ್ಚು ಕಲಿಯುತ್ತಾರೆ. 900 × 600 ಮಿ.ಮೀ. ಬಾವುಟಕ್ಕೆ ನಾಲ್ಕು ಮೂಲೆಗೆ ನಾಲ್ವರು. ನೆಲಕ್ಕೆ ತಾಗದಂತೆ ಸೊಂಟದ ಎತ್ತರದಲ್ಲಿ ಅಡ್ಡಲಾಗಿ ಹಿಡಿದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಕೆಳಕ್ಕೆ ಮಡಿಸಬೇಕು. ಆಮೇಲೆ ಬಿಳಿಯ ಎರಡು ತುದಿಗಳನ್ನು ನಡುವಿನ ಕಡೆಗೆ ತಂದರೆ ಚಕ್ರವೂ ಕೇಸರಿ–ಹಸಿರಿನ ಅಂಚೂ ಮಾತ್ರ ಕಾಣುತ್ತವೆ. ಅಂಗೈಗಳ ಮೇಲೆ ಹೊತ್ತು ಕಪಾಟಿಗೆ ಒಯ್ಯಲಿ. ಒದ್ದೆ ಬಾವುಟ ಮಡಿಸಿದರೆ ಬೂಷ್ಟು ಹಿಡಿಯುತ್ತದೆ, ಮಳೆ ಬಂದಿದ್ದರೆ ಮೊದಲು ಒಣಗಲಿ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಎಂಬ ನಿಯಮವನ್ನು ಆ ನಾಲ್ವರೇ ಉಳಿದವರಿಗೆ ಹೇಳಿಕೊಡಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಘದಲ್ಲಿ ಮಾನಕ ಧ್ವಜಗಳು ತಯಾರಾಗುತ್ತವೆ. ನಿಮ್ಮ ಜಿಲ್ಲೆಗೆ ಅದು ಪಕ್ಕದೂರು. ನೂಲು, ನೇಯ್ಗೆ, ಹೊಲಿಗೆ ಎಷ್ಟು ಕೈ ದಾಟಿ ಈ ಬಟ್ಟೆ ಬಂತೆಂದು ಮಕ್ಕಳಿಗೆ ಹೇಳಿ.

ಪ್ರಶ್ನೆ: ಒಂದನೇ ತರಗತಿಯವರು ರಾಷ್ಟ್ರಗೀತೆಯನ್ನು ಅರ್ಥವಿಲ್ಲದೆ ಕೂಗುತ್ತಾರೆ. ನಾಡಗೀತೆಯ ಹೊತ್ತಿಗೆ ಅಲುಗಾಡತೊಡಗುತ್ತಾರೆ. (ನಲಿ-ಕಲಿ ಶಿಕ್ಷಕಿ, ಚಿತ್ರದುರ್ಗ)

ಉತ್ತರ: ರಾಷ್ಟ್ರಗೀತೆ ಸುಮಾರು 52 ಸೆಕೆಂಡು, ನಾಡಗೀತೆಗೆ ನಿಗದಿಯಾಗಿರುವುದು ಎರಡೂವರೆ ನಿಮಿಷ. ಆರು ವರ್ಷದ ಕಾಲಿಗೆ ಎರಡನೆಯದು ದೀರ್ಘವೇ. ಪ್ರಾರ್ಥನೆ, ಸುದ್ದಿ, ಗಾದೆ, ಸೂಚನೆ ಎಲ್ಲವನ್ನೂ ನಿಂತೇ ಮುಗಿಸುವ ರೂಢಿ ಇದ್ದರೆ ಸುದ್ದಿ–ಸೂಚನೆಗಳಿಗೆ ಕೂರಿಸಿ, ಗೀತೆಗಳಿಗೆ ಮಾತ್ರ ಎಬ್ಬಿಸಿ. ಅಲುಗಾಟ ಅರ್ಧಕ್ಕರ್ಧ ಇಳಿಯುತ್ತದೆ. ಸೀನು ಬಂದ ಮಗುವನ್ನು ಎಲ್ಲರೆದುರು ಬೈಯಬೇಡಿ.

ಕೂಗುವುದಕ್ಕೆ ಕಾರಣ ಶ್ರುತಿ. ದೊಡ್ಡವರು ಎತ್ತರದಲ್ಲಿ ಶುರು ಮಾಡಿದರೆ ಕೊನೆಯ ಜಯಕಾರಕ್ಕೆ ಮಕ್ಕಳ ದನಿ ಕಿರುಚಾಗುತ್ತದೆ. ತಗ್ಗಿಸಿ ಎತ್ತಿಕೊಳ್ಳಿ. ಅರ್ಥಕ್ಕೆ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಭಾರತದ ನಕ್ಷೆ ಎಳೆದು, ಗೀತೆಯಲ್ಲಿ ಬರುವ ಪಂಜಾಬ, ಗುಜರಾತ, ಮರಾಠ, ದ್ರಾವಿಡ, ಉತ್ಕಲ, ವಂಗ ಒಂದೊಂದಕ್ಕೂ ಒಂದು ಮಗುವನ್ನು ನಿಲ್ಲಿಸಿ. ಆ ಸಾಲು ಬಂದಾಗ ಆ ಮಗು ಕೈ ಎತ್ತಲಿ. ನಮ್ಮೂರು ದ್ರಾವಿಡದಲ್ಲಿದೆ ಎಂದಾಗ ಮುಖ ಅರಳುವುದನ್ನು ನೋಡಿ. ಸಿಂಧು ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ನದಿ ಇಂದಿಗೂ ನಮ್ಮ ಲಡಾಖ್ ಹಾದು ಪಾಕಿಸ್ತಾನಕ್ಕೆ ಹರಿಯುತ್ತದೆ ಎಂದು ನಕ್ಷೆಯಲ್ಲಿ ತೋರಿಸಿ. ಈ ಆಟ ಅಭ್ಯಾಸಕ್ಕಷ್ಟೇ. ಪ್ರಾರ್ಥನೆಯ ಸಾಲಿನಲ್ಲಿ ಹಾಡುವಾಗ ಎಲ್ಲರೂ ನೇರ ನಿಂತಿರಬೇಕು.

ಪ್ರಶ್ನೆ: ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಮಗನ ನೋಟ್ಸಿನಲ್ಲಿದೆ, ಸರಿಯೇ? (ಪೋಷಕರು, ಶಿವಮೊಗ್ಗ)

ಉತ್ತರ: ಸರಿಯಲ್ಲ. ಸರ್ಕಾರ ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ. ಶಿಕ್ಷಕರಿಗೆ ವಿನಯದಿಂದ ತಿಳಿಸಿ.

ಪ್ರಶ್ನೆ: ಮೂರು–ನಾಲ್ಕನೇ ತರಗತಿಯವರಿಂದ ಸಮಾಜಸೇವೆ ಮಾಡಿಸಬೇಕು. ಜೂನ್ 5ರಂದು ನೆಟ್ಟ ಸಸಿಗಳು ಉಳಿಯುವುದಿಲ್ಲ. ಕಸ ಗುಡಿಸಿದರೆ ಪೋಷಕರು ಜಗಳಕ್ಕೆ ಬರುತ್ತಾರೆ. (ಶಿಕ್ಷಕರು, ಕೊಪ್ಪಳ)

ಉತ್ತರ: ಪೋಷಕರ ಸಿಟ್ಟಿಗೆ ಕಾರಣವಿದೆ, ಅದನ್ನು ಮೊದಲು ಒಪ್ಪಿಕೊಳ್ಳಿ. ಪೊರಕೆ ಯಾವಾಗಲೂ ಕೆಲವೇ ಮಕ್ಕಳ ಕೈಗೆ ಹೋಗುತ್ತಿದ್ದರೆ, ಹುಡುಗಿಯರಿಗೆ ಗುಡಿಸುವುದು ಹುಡುಗರಿಗೆ ಬೆಂಚು ಎತ್ತುವುದು ಎಂದಿದ್ದರೆ, ಜಾತಿ ನೋಡಿ ಕೆಲಸ ಬೀಳುತ್ತಿದ್ದರೆ, ಅದು ಸೇವೆಯಲ್ಲ. ಸಂವಿಧಾನದ ಪೀಠಿಕೆಯಲ್ಲಿ ಸಮಾನತೆ ಎಂದು ಓದಿಸಿ ಅಂಗಳದಲ್ಲಿ ಅದಕ್ಕೆ ವಿರುದ್ಧ ನಡೆದರೆ ಮಕ್ಕಳು ಅಂಗಳದ ಪಾಠವನ್ನೇ ಕಲಿಯುತ್ತಾರೆ. ಹಾಜರಿ ಕ್ರಮಸಂಖ್ಯೆಯ ಪ್ರಕಾರ ಪಾಳಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅದರಲ್ಲಿ ಶಿಕ್ಷಕರ ಹೆಸರೂ ಇರಲಿ. ಕೆಲಸ 20 ನಿಮಿಷ ದಾಟದಿರಲಿ, ತಪ್ಪಿಗೆ ಶಿಕ್ಷೆಯಾಗಿ ಎಂದೂ ಕೊಡಬೇಡಿ. ಶೌಚಾಲಯ, ಚರಂಡಿ, ಗಾಜಿನ ಚೂರು, ರಸ್ತೆಯಂಚು ಮಕ್ಕಳಿಗೆ ಬೇಡವೇ ಬೇಡ.

ಸಸಿ ಸಾಯುವುದಕ್ಕೆ ಕಾರಣ ನೆಟ್ಟವರೇ ನೀರು ಹಾಕದಿರುವುದು, ಮತ್ತೆ ಏಪ್ರಿಲ್–ಮೇ ರಜೆ. ಐವತ್ತು ನೆಡಬೇಡಿ, ತರಗತಿಗೆ ಒಂದೇ ನೆಡಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ದೊಡ್ಡವರು ತೋಡಲಿ. ಪ್ಲಾಸ್ಟಿಕ್ ಚೀಲ ಬಿಚ್ಚದೆ ನೆಡುವುದು ಬಹಳ ಕಡೆ ಕಾಣುವ ತಪ್ಪು. ಬೇರು ಅಲ್ಲೇ ಸುತ್ತಿಕೊಂಡು ಗಿಡ ಕುಗ್ಗುತ್ತದೆ. ಮಣ್ಣಿನ ಉಂಡೆ ಒಡೆಯದಂತೆ ಚೀಲ ಸೀಳಿ ತೆಗೆಯಿರಿ, ಮೇಕೆಗೆ ಸಿಗದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟಿ. ಮಳೆ ನಿಂತ ಮೇಲೆ ವಾರಕ್ಕೆರಡು ಸಲ ಐದು ಮಕ್ಕಳು ತಲಾ ಎರಡು ಲೀಟರ್ ತಂದರೆ ಒಂದು ಬಿಂದಿಗೆಯಷ್ಟು ನೀರಾಯಿತು. ರಜೆಗೆ ಶಾಲೆಯ ಹತ್ತಿರದ ಮನೆಯ ಮಕ್ಕಳ ಪಾಳಿಯನ್ನು ಮಾರ್ಚ್‌ನಲ್ಲೇ ಬರೆದಿಡಿ.

ಇನ್ನೊಂದು ಕೆಲಸ ನಿಮ್ಮ ಊರಿಗೆ ಇನ್ನೂ ಹೊಂದುತ್ತದೆ. ಶಾಲೆಯ ಸುತ್ತಲಿನ ಸೋರುವ ನಲ್ಲಿಗಳನ್ನು ಮಕ್ಕಳು ಪಟ್ಟಿ ಮಾಡಲಿ. ಒಂದೊಂದರ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟು ತುಂಬಲು ಎಷ್ಟು ಹೊತ್ತು ಎಂದು ಗಡಿಯಾರ ನೋಡಿ ಬರೆಯಲಿ. ಎರಡು ಗಂಟೆಗೆ ಒಂದು ಲೀಟರ್ ಎಂದರೆ ದಿನಕ್ಕೆ 12 ಲೀಟರ್. ಭಾಗಾಕಾರವೂ ಅಲ್ಲೇ ಕಲಿತಂತಾಯಿತು. ವಾಷರ್ ಸವೆದಿದ್ದರೆ ಶಾಲೆಯವರೇ ಬದಲಾಯಿಸಬಹುದು. ಬೀದಿ ನಲ್ಲಿಯಾದರೆ ಗ್ರಾಮ ಪಂಚಾಯಿತಿ ಪಿಡಿಒ ಅವರಿಗೆ ಮಕ್ಕಳೇ ಪತ್ರ ಬರೆಯಲಿ: ಯಾವ ಬೀದಿ, ಎಂದಿನಿಂದ, ದಿನಕ್ಕೆ ಎಷ್ಟು ಲೀಟರ್, ಏನಾಗಬೇಕು. ನಾಲ್ಕೇ ಸಾಲು, ಕೆಳಗೆ ತರಗತಿಯ ಹೆಸರು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ತರಗತಿಯ ಗೋಡೆಗೆ ಹಚ್ಚಿ. ಉತ್ತರ ಬಾರದಿದ್ದರೆ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಅದೇ ಪ್ರತಿ ಹಿಡಿದು ಒಂದು ಮಗು ಎದ್ದು ನಿಂತು ಕೇಳಲಿ. ಪ್ರಶ್ನೆಯನ್ನು ನೀವು ಬರೆದುಕೊಡಬೇಡಿ, ಮಗುವಿನ ಮಾತಿನಲ್ಲೇ ಇರಲಿ.