ಬಿ.ಪಿ. ಮಾತ್ರೆಯೂ ಬೊಂಡದ ನೀರೂ

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಸೇವಿಸುತ್ತಿದ್ದರು. ಒತ್ತಡ ಹತೋಟಿಗೆ ಬಾರದ ಕಾರಣ ಕಳೆದ ತಿಂಗಳು ವೈದ್ಯರು ಅದರೊಂದಿಗೆ ಹೈಡ್ರೋಕ್ಲೋರೋಥಯಾಜೈಡ್ ಸೇರಿರುವ ಮಾತ್ರೆ ಬರೆದುಕೊಟ್ಟರು. ಅಂದಿನಿಂದ ರಾತ್ರಿ ಮೀನಖಂಡ ಹಿಡಿಯುತ್ತದೆ, ಹಗಲಿಡೀ ಸುಸ್ತು. ಮಾತ್ರೆಯಿಂದ ಲವಣಗಳೆಲ್ಲ ಹೋಗುತ್ತಿವೆಯೆಂದು ನೆರೆಮನೆಯವರು ಹೇಳಿದ್ದರಿಂದ ದಿನಕ್ಕೆರಡು ಬೊಂಡ (ಎಳನೀರು) ಕುಡಿಸುತ್ತಿದ್ದೇವೆ. ಅಡುಗೆಗೆ ಕಡಿಮೆ ಸೋಡಿಯಂನ ಉಪ್ಪನ್ನೂ ತಂದಿದ್ದೇವೆ. ಇದು ಸರಿಯೇ?
– ಓದುಗರೊಬ್ಬರು, ಮಲ್ಪೆ, ಉಡುಪಿ

ಉತ್ತರ: ನೆರೆಮನೆಯವರು ಹೇಳಿದ್ದು ಅರ್ಧ ನಿಜ. ನಿಮ್ಮ ತಾಯಿಯವರ ಮಾತ್ರೆಯಲ್ಲಿರುವ ಎರಡು ಔಷಧಗಳು ಪೊಟ್ಯಾಸಿಯಂ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವಾಗಿ ವರ್ತಿಸುತ್ತವೆ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರಪಿಂಡವು ಸೋಡಿಯಂ ಮರಳಿ ಹೀರಿಕೊಳ್ಳುವುದನ್ನು ತಡೆದು ಅದನ್ನು ನೀರಿನೊಂದಿಗೆ ಮೂತ್ರಕ್ಕೆ ಸಾಗಿಸುತ್ತದೆ. ಇದರ ಜೊತೆಗೇ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಾಗಿ ಹೊರಹೋಗುತ್ತವೆ, ಕ್ಯಾಲ್ಸಿಯಂ ಮಾತ್ರ ದೇಹದಲ್ಲೇ ಉಳಿಯುತ್ತದೆ. ಟೆಲ್ಮಿಸಾರ್ಟಾನ್ ಆಲ್ಡೋಸ್ಟೆರಾನ್ ಎಂಬ ಹಾರ್ಮೋನನ್ನು ತಗ್ಗಿಸಿ ಪೊಟ್ಯಾಸಿಯಂ ಹೊರಹೋಗದಂತೆ ಹಿಡಿದಿಡುತ್ತದೆ. ಇವೆರಡರಲ್ಲಿ ಯಾವುದರ ಕೈ ಮೇಲಾಗಿದೆಯೆಂದು ಮೀನಖಂಡದ ನೋವನ್ನು ನೋಡಿ ಹೇಳಲಾಗದು. ಈ ವಯಸ್ಸಿನಲ್ಲಿ ಆ ನೋವು ಯಾವ ಮಾತ್ರೆಯೂ ಇಲ್ಲದೆ ಬರುವುದುಂಟು.

ನನ್ನ ಚಿಂತೆ ಪೊಟ್ಯಾಸಿಯಂಗಿಂತ ಹೆಚ್ಚಾಗಿ ಸೋಡಿಯಂ ಬಗ್ಗೆ. ರಕ್ತದಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಹೈಡ್ರೋಕ್ಲೋರೋಥಯಾಜೈಡ್‌ನಂತಹ ಥಯಾಜೈಡ್ ಔಷಧ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ, ಅದರಲ್ಲೂ ತೆಳ್ಳಗಿನ ಮೈಕಟ್ಟಿನ ವೃದ್ಧೆಯರಲ್ಲಿ, ಈ ಮಟ್ಟ ಇಳಿದುಬಿಡಬಹುದು. ಸುಸ್ತು, ವಾಕರಿಕೆ, ನಡೆಯುವಾಗ ತೂರಾಡುವುದು, ಕೇಳಿದ್ದನ್ನೇ ಮತ್ತೆ ಕೇಳುವುದು ಇದರ ಲಕ್ಷಣಗಳು. ಮನೆಯವರು ಇವನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವುದೇ ಹೆಚ್ಚು. ಸೆಕೆಯೆಂದು ಮೇಲಿಂದ ಮೇಲೆ ನೀರು ಕುಡಿಸಿದರೆ ಸೋಡಿಯಂ ಇನ್ನಷ್ಟು ಇಳಿಯಬಹುದು. ಬೊಂಡದ ನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೇರಳ. ಆದ್ದರಿಂದ ಅದು ಈ ಕೊರತೆಯನ್ನು ತುಂಬುವುದಿಲ್ಲ. ಹಾಗೆಂದು ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ಹೆಚ್ಚಿಸುವುದೂ ಬೇಡ. ಒತ್ತಡ ಮತ್ತೆ ಏರುತ್ತದೆ.

ನೀವು ತಂದಿರುವ ಉಪ್ಪಿನ ಪೊಟ್ಟಣದ ಹಿಂಬದಿಯನ್ನು ಓದಿ ನೋಡಿ. ಇಂತಹ ಉಪ್ಪುಗಳಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಅದರ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸಿರುತ್ತಾರೆ. ಮೂತ್ರಪಿಂಡ ಚೆನ್ನಾಗಿರುವ, ಈ ಬಗೆಯ ಮಾತ್ರೆ ಸೇವಿಸದ ಅನೇಕರಿಗೆ ಅದು ಒಳ್ಳೆಯದೇ. ಆದರೆ ಟೆಲ್ಮಿಸಾರ್ಟಾನ್, ದಿನಕ್ಕೆರಡು ಬೊಂಡ, ಈ ಉಪ್ಪು ಮೂರೂ ಸೇರಿದರೆ, ಮೂತ್ರಪಿಂಡ ಸ್ವಲ್ಪ ಕುಂದಿರುವವರಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಏರಿಕೆಗೆ ಹಲವೊಮ್ಮೆ ಯಾವ ಲಕ್ಷಣವೂ ಇರುವುದಿಲ್ಲ. ನೇರವಾಗಿ ಹೃದಯದ ಬಡಿತವೇ ತಪ್ಪಬಹುದು. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ. ಈ ಮಾತ್ರೆಯ ಜೊತೆ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಈ ವಾರವೇ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೆಗ್ನೀಸಿಯಂ ಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ. ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗಿರುತ್ತದೆ. ವರದಿ ಬರುವವರೆಗೆ ಬೊಂಡವನ್ನೂ ಆ ಉಪ್ಪನ್ನೂ ಬದಿಗಿಡಿ, ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅಗತ್ಯ ಕಂಡರೆ ವೈದ್ಯರು ಥಯಾಜೈಡನ್ನು ತೆಗೆದು ಆಮ್ಲೋಡಿಪಿನ್ ಕೊಡಬಹುದು. ಅದರಿಂದ ಪಾದ ಊದಿಕೊಳ್ಳಬಹುದಾದರೂ ಈ ಲವಣಗಳು ಅಷ್ಟಾಗಿ ಏರುಪೇರಾಗುವುದಿಲ್ಲ. ಇಷ್ಟರೊಳಗೆ ಮಂಪರು, ಗೊಂದಲ, ವಾಂತಿಭೇದಿ ಅಥವಾ ಎದೆಬಡಿತದಲ್ಲಿ ವ್ಯತ್ಯಾಸ ಕಾಣಿಸಿದರೆ ವರದಿಗಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.