ಹಳೇ ಗೇಮ್: ಇಡೋದಾ, ಮಾರೋದಾ?

ಪ್ರಶ್ನೆ: ಪ್ಲೇಸ್ಟೇಷನ್ 1 ಮತ್ತು 2ರ ಡಿಸ್ಕ್‌ಗಳನ್ನು ಟ್ರಂಕಿಗೆ ತುಂಬಿ, ನುಸಿಗುಳಿಗೆ ಹಾಕಿ ಅಟ್ಟಕ್ಕೇರಿಸಿದ್ದೆ. ಈಗ ತೆಗೆದರೆ ಬೂಷ್ಟು, ಕೆಲವು ಡಬ್ಬಿ ಅಂಟಂಟು. ಉಳಿಯುತ್ತವೆಯೇ, ಮಾರಿಬಿಡಲೇ? (ಓದುಗರು, ಸಾಗರ)

ಉತ್ತರ: ಮೊದಲು ಆ ಗುಳಿಗೆ ಆಚೆ ಎಸೆಯಿರಿ. ಪ್ಲೇಸ್ಟೇಷನ್ 1ರ ಗಾಜಿನಂಥ ಡಬ್ಬಿ ಪಾಲಿಸ್ಟೈರೀನ್. ನ್ಯಾಫ್ತಲೀನ್ ಆವಿ ತಾಗಿದರೆ ಮೆತ್ತಗಾಗುತ್ತದೆ. ಅಂಟು ಬಂದದ್ದು ಅದರಿಂದಲೇ ಇರಬೇಕು. ಪ್ಲೇಸ್ಟೇಷನ್ 2ರ ಬಾಗುವ ಡಬ್ಬಿ ಪಾಲಿಪ್ರೊಪಿಲೀನ್, ಅದು ಅಷ್ಟು ಬೇಗ ಕೆಡುವುದಿಲ್ಲ.

ಬೂಷ್ಟು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆ ಹತ್ತಿಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿಕ್ಕಿದರೆ ಗೀರು ಡೇಟಾ ಸಾಲಿನ ಉದ್ದಕ್ಕೇ ಬೀಳುತ್ತದೆ, ಲೆನ್ಸ್ ಅದನ್ನು ದಾಟಿ ಓದಲಾರದು. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ. ಒಣಗಿದ ಮೇಲೆ ಮೊಬೈಲ್ ಟಾರ್ಚಿಗೆ ಅಡ್ಡ ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ಬೆಳಕು ಕಂಡರೆ ಅಲ್ಯೂಮಿನಿಯಂ ಪದರವೇ ಹೋಗಿದೆ, ಪಾಲಿಶ್ ಮಾಡಿಸಿ ಪ್ರಯೋಜನವಿಲ್ಲ. ಆ ಪದರವನ್ನೇ ತಿನ್ನುವ ಬೂಷ್ಟು 2001ರಲ್ಲಿ ಬೆಲೀಜ್ ದೇಶದ ಒಂದು ಸಿಡಿಯಲ್ಲಿ ಸಿಕ್ಕಿತ್ತು. ಅಪರೂಪ, ಆದರೆ ಅದೂ ಸೆಕೆ ಮತ್ತು ತೇವದ ಊರೇ.

ಪ್ಲೇಸ್ಟೇಷನ್ 1ರ ಕಪ್ಪು ತಳದ್ದೂ 2ರ ನೀಲಿ ತಳದ್ದೂ ಸಿಡಿ. ಅವುಗಳ ಪದರ ಚಿತ್ರದ ಬದಿಯಲ್ಲೇ, ತೆಳು ವಾರ್ನಿಷಿನ ಕೆಳಗಿರುತ್ತದೆ. ಹಾಗಾಗಿ ಚಿತ್ರದ ಬದಿಯ ಗೀರೇ ಹೆಚ್ಚು ಅಪಾಯ. ಬೆಳ್ಳಿ ತಳದ ಡಿವಿಡಿಯಲ್ಲಿ ಅದು ಎರಡು ಹಾಳೆಗಳ ನಡುವೆ ಸುರಕ್ಷಿತ.

ಇಡಲು ಅಟ್ಟ ಬೇಡ. ಹಂಚಿನ ಕೆಳಗೆ ಬೇಸಿಗೆಯಲ್ಲಿ ಕಾವು, ಆಷಾಢದಲ್ಲಿ ತೇವ, ಬಚ್ಚಲೊಲೆ ಹತ್ತಿರವಿದ್ದರೆ ಹೊಗೆ ಬೇರೆ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ. 10 ಲೀಟರಿನದಕ್ಕೆ 50 ಗ್ರಾಂ ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ್ದು ಕೊಳ್ಳಿ, ಹಸಿರಾದರೆ ತೇವ ಕುಡಿದಿದೆ ಎಂದರ್ಥ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ಕಾವಿನಲ್ಲಿ ಒಣಗಿಸಿ ಮತ್ತೆ ಹಾಕಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ತರಬೇಡಿ. ಅಕ್ಕಿ ಹಾಕುವವರಿದ್ದಾರೆ, ಅದು ಹುಳುವಿಗೆ ಮಾಡಿದ ಏರ್ಪಾಡು. ಡಬ್ಬ ಮುಚ್ಚುವುದು ಫೆಬ್ರವರಿಯ ಒಣ ಮಧ್ಯಾಹ್ನ ಆಗಲಿ, ಜುಲೈನಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ.

ಮಾರುವುದಾದರೆ ಮೆಮೊರಿ ಕಾರ್ಡ್ ಮಾತ್ರ ಕೊಡಬೇಡಿ. ಡಿಸ್ಕ್ ಇನ್ನೊಂದು ಸಿಕ್ಕೀತು, ನೀವು ಆಡಿ ಉಳಿಸಿದ ಸೇವ್ ಇರುವುದು ಆ ಕಾರ್ಡಿನಲ್ಲಿ. ತಳ ನೇರಳೆ ಬಣ್ಣವಿದ್ದರೆ ಅದು ಮನೆಯಲ್ಲಿ ಬರ್ನ್ ಮಾಡಿದ ನಕಲು, ಅದನ್ನು ಮಾರಾಟಕ್ಕೇ ಇಡಬೇಡಿ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಮಾರಿದ, ನಿಂಟೆಂಡೊ ಗೇಮ್‌ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಎಮರಾಲ್ಡ್ ಕ್ಯಾಸೆಟ್ ಮತ್ತೆ ಕೊಳ್ಳಬೇಕು. ಅಸಲಿ ಗುರುತಿಸುವುದು ಹೇಗೆ? ಬ್ಯಾಟರಿ ಸತ್ತಿದೆ ಅಂತ ಒಬ್ಬರು ಕಡಿಮೆಗೆ ಕೊಡುತ್ತಿದ್ದಾರೆ. (ಓದುಗರು, ತೀರ್ಥಹಳ್ಳಿ)

ಉತ್ತರ: ಬ್ಯಾಟರಿ ಸತ್ತದ್ದು ನಿಮಗೆ ಅನುಕೂಲವೇ. ಎಮರಾಲ್ಡ್‌ನಲ್ಲಿ ಸೇವ್ ಕೂರುವುದು ಫ್ಲಾಶ್ ಚಿಪ್‌ನಲ್ಲಿ. ಸಿಆರ್1616 ಸೆಲ್ ಗಡಿಯಾರಕ್ಕಷ್ಟೆ. ಸೆಲ್ ಮುಗಿದರೆ ಹಣ್ಣಿನ ಗಿಡ ಬೆಳೆಯುವುದಿಲ್ಲ, ಆಟಕ್ಕೆ ತೊಂದರೆಯಿಲ್ಲ. ಪೋಕೆಮಾನ್‌ನದೇ ಹಳೆಯ ಗೋಲ್ಡ್, ಸಿಲ್ವರ್ ಆದರೆ ಬೇರೆ ಮಾತು: ಅಲ್ಲಿ ಸೇವ್ ಹಿಡಿದಿರುವುದೇ ಸಿಆರ್2025, ಅದನ್ನು ಬಿಚ್ಚಿದರೆ ಎಲ್ಲ ಅಳಿಯುತ್ತದೆ.

ಫೋಟೊ ಮೂರು ಕೇಳಿ. ಲೇಬಲ್ ಓರೆಯಾಗಿ ಹಿಡಿದದ್ದು: ಅಸಲಿಯಲ್ಲಿ ಒತ್ತಿದ ಸಣ್ಣ ಅಂಕಿ ಕಾಣುತ್ತದೆ. ಹಿಂಬದಿ: ಮೂರು ಗೆರೆಯ ಟ್ರೈವಿಂಗ್ ಸ್ಕ್ರೂ. ಪಿನ್‌ಗಳ ಸಾಲಿನ ಮೇಲೆ: ಬೋರ್ಡಿನ ಮೇಲೆ ನಿಂಟೆಂಡೊ ಹೆಸರು. ಮೂರನೆಯದನ್ನೇ ಹೆಚ್ಚು ನಂಬಿ, ಲೇಬಲನ್ನು ಯಾರು ಬೇಕಾದರೂ ಮುದ್ರಿಸಬಹುದು.

ಸೆಲ್ ಬದಲಿಸುವಾಗ ಲೋಹದ ಕಿವಿ ಇರುವ ಸಿಆರ್1616 ತನ್ನಿ. ಬರೀ ಸೆಲ್ಲಿಗೆ ಬೆಸುಗೆ ಹಾಕಿದರೆ ಕಾವಿಗೆ ಸಿಡಿಯಬಹುದು, ಟೇಪ್ ಸುತ್ತಿದರೆ ನಾಳೆ ಸಡಿಲ.

ಪ್ರಶ್ನೆ: ಪಿಎಸ್4 ಮಾರುವ ಮೊದಲು ಏನು ಮಾಡಬೇಕು? (ಓದುಗರು, ಭದ್ರಾವತಿ)

ಉತ್ತರ: ಸೇವ್‌ಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಅಕೌಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಪ್ರೈಮರಿ (ಇದು ನಿಮ್ಮ ಅಕೌಂಟಿನ ಮುಖ್ಯ ಯಂತ್ರ ಎಂಬ ಗುರುತು) ಡಿಆ್ಯಕ್ಟಿವೇಟ್ ಮಾಡಿ, ಆಮೇಲೆ ಎಲ್ಲ ಅಳಿಸುವ ಇನಿಶಿಯಲೈಸೇಷನ್‌ನಲ್ಲಿ ಫುಲ್ ಆರಿಸಿ. ಕೆಲವು ಗಂಟೆ ಹಿಡಿಯುತ್ತದೆ, ಕರೆಂಟ್ ಕೈಕೊಡದ ಹೊತ್ತು ನೋಡಿಕೊಳ್ಳಿ. ಡಿಸ್ಕ್ ಗೇಮ್ ಮಾರಬಹುದು. ಡೌನ್‌ಲೋಡ್ ಮಾಡಿದವು ನಿಮ್ಮ ಅಕೌಂಟಿಗೇ ಅಂಟಿದವು, ಅವುಗಳ ಬೆಲೆಯನ್ನು ಲೆಕ್ಕಕ್ಕೆ ಸೇರಿಸಬೇಡಿ.